ಹಿತ್ತಲ ಗಿಡವೋ, ದೂರದ ಬೆಟ್ಟವೋ?

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶವು ಹೊರಬಿದ್ದೊಡನೆ ಮಕ್ಕಳುಳ್ಳ ಅನೇಕ ಮನೆಗಳಲ್ಲಿ ಒಂದು ಚರ್ಚೆಯು ಮೊದಲಾಗುವುದು. ಮಗುವು ಈವರೆಗೆ ಓದಿದ ಶಾಲೆಯ ಆವರಣದಲ್ಲಿಯೇ ಪದವಿಪೂರ್ವ ತರಗತಿಗಳೂ ಇವೆ. ಅಲ್ಲಿಯೇ ಮುಂದುವರಿಸುವುದೋ, ಪಟ್ಟಣದ ಕಾಲೇಜಿಗೆ ಕಳುಹಿಸುವುದೋ? ಈ ತಿಂಗಳು ನಾವು ಈ ಪ್ರಶ್ನೆಯನ್ನೇ ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ಹಿಂದಿನವರಿಗೆ ಈ ಸಂದಿಗ್ಧವು ಅಷ್ಟಾಗಿ ಇರಲಿಲ್ಲ. ಇಂಟರ್‌ಮೀಡಿಯೆಟ್ ತರಗತಿಗಳು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಕಾಲದಲ್ಲಿ ಹಳ್ಳಿಯ ಹುಡುಗನು ಬಹುಮಟ್ಟಿಗೆ ಊರು ಬಿಡಲೇಬೇಕಾಗಿತ್ತು. ವಾರಾನ್ನವನ್ನೋ ವಿದ್ಯಾರ್ಥಿನಿಲಯವನ್ನೋ ನೆಚ್ಚಲೇಬೇಕಾಗಿತ್ತು. ಈಗಲಾದರೋ ಸಂಯುಕ್ತ ಪದವಿಪೂರ್ವ ಕಾಲೇಜುಗಳಲ್ಲಿ ಹೈಸ್ಕೂಲೂ ಪಿ.ಯು.ಸಿ.ಯೂ ಒಂದೇ ಕಡೆ ನಡೆಯುತ್ತವೆ. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಪೂರ್ವಪ್ರಾಥಮಿಕ ಮೊದಲ್ಗೊಂಡು ದ್ವಿತೀಯ ಪಿ.ಯು.ಸಿ.ಯವರೆಗೂ ಒಂದೇ ಬಾಗಿಲು.

ಹಿತ್ತಲ ಗಿಡ ಮದ್ದಲ್ಲವೆಂದು ಕೆಲವರು ಊರಿನ ಕಾಲೇಜನ್ನು ನೋಡದೆಯೇ ತಳ್ಳಿಬಿಡುವರು. ದೂರದ ಬೆಟ್ಟ ನುಣ್ಣಗೆಂದು ಮತ್ತೆ ಕೆಲವರು ಪಟ್ಟಣದ ಕಾಲೇಜನ್ನು ವಿಚಾರಿಸದೆಯೇ ಬೇಡವೆನ್ನುವರು. ಗಾದೆಗಳೆರಡೂ ನಿಜವೇ, ಆದರೆ ಗಾದೆಯನ್ನು ನಂಬಿ ಮಗುವಿನ ಎರಡು ವರ್ಷಗಳನ್ನು ತೀರ್ಮಾನಿಸುವುದು ಸರಿಯಲ್ಲ.

ಮೊದಲು ತಿಳಿಯತಕ್ಕ ಸಂಗತಿ ಏನೆಂದರೆ, ಪದವಿಪೂರ್ವ ಇಲಾಖೆಗೆ ಒಳಪಟ್ಟ ಕಾಲೇಜು ಚಿಕ್ಕದಿರಲಿ ದೊಡ್ಡದಿರಲಿ, ದ್ವಿತೀಯ ಪಿ.ಯು.ಸಿ.ಯ ಪಠ್ಯವೂ ಪ್ರಶ್ನಪತ್ರಿಕೆಯೂ ಒಂದೇ. ಎರಡು ಭಾಷೆಗಳು, ನಾಲ್ಕು ಐಚ್ಛಿಕ ವಿಷಯಗಳು. ಕೈಗೆ ಬರುವ ಅಂಕಪಟ್ಟಿಯ ಬೆಲೆಯೂ ಒಂದೇ. ವ್ಯತ್ಯಾಸವಿರುವುದು ಪಾಠ ಹೇಳುವವರಲ್ಲಿ, ಪ್ರಯೋಗಶಾಲೆಯಲ್ಲಿ, ದೊರೆಯುವ ವಿಷಯಗಳಲ್ಲಿ, ಮಗುವಿನ ದಿನಚರಿಯಲ್ಲಿ.

ಆದುದರಿಂದ ಮಗುವಿಗೆ ಬೇಕಾದ ವಿಷಯಗಳೇ ಊರಿನ ಕಾಲೇಜಿನಲ್ಲಿ ಇವೆಯೇ ಎಂಬುದನ್ನು ಮೊದಲು ನೋಡಬೇಕು. ಗಣಿತದಲ್ಲಿ ಆಸಕ್ತಿಯುಳ್ಳ ಹುಡುಗಿಗೆ ವಿಜ್ಞಾನ ವಿಭಾಗವಿಲ್ಲದ ಕಾಲೇಜು ಎಷ್ಟು ಹತ್ತಿರವಿದ್ದರೇನು? ಇತಿಹಾಸ, ರಾಜ್ಯಶಾಸ್ತ್ರಗಳನ್ನು ಬಯಸುವ ಹುಡುಗನನ್ನು ನೆರೆಮನೆಯವರ ಮಾತಿಗೆ ಮರುಳಾಗಿ ದೂರದ ವಿಜ್ಞಾನ ಕಾಲೇಜಿಗೆ ದೂಡುವುದೂ ಅಷ್ಟೇ ಅನ್ಯಾಯ. ವಿಷಯಗಳಿದ್ದಲ್ಲಿ, ನಾಲ್ಕಕ್ಕೂ ಉಪನ್ಯಾಸಕರು ಇದ್ದಾರೆಯೇ, ಪ್ರಯೋಗಶಾಲೆಯ ಬೀಗವು ವಾರಕ್ಕೆ ಎಷ್ಟು ಸಲ ತೆರೆಯುತ್ತದೆ ಎಂಬುದನ್ನು ದ್ವಿತೀಯ ವರ್ಷದ ವಿದ್ಯಾರ್ಥಿಗಳನ್ನೇ ಕೇಳಿ ತಿಳಿಯಬಹುದು. ಪಟ್ಟಣದ ಕಾಲೇಜಿನ ಮುಂದೆ ಕಟ್ಟಿರುವ ಫ್ಲೆಕ್ಸಿನಲ್ಲಿ ಮೊದಲ ಹತ್ತು ಮಂದಿಯ ಭಾವಚಿತ್ರಗಳಿರುತ್ತವೆ. ಆ ವರ್ಷ ಸೇರಿದವರು ಎಷ್ಟು ಮಂದಿ, ತೇರ್ಗಡೆಯಾದವರು ಎಷ್ಟು ಮಂದಿ ಎಂಬುದು ಅದರಲ್ಲಿ ಇರುವುದಿಲ್ಲ. ಗೃಹಸ್ಥರು ಕೇಳಬೇಕಾದ ಲೆಕ್ಕ ಅದೇ.

ಇನ್ನು ಕಾಲದ ಲೆಕ್ಕ. ಹೋಗಿ ಬರಲು ದಿನಕ್ಕೆ 3 ಗಂಟೆ ಬಸ್ಸಿನಲ್ಲಿ ಕಳೆದರೆ, ವರ್ಷಕ್ಕೆ 200 ದಿನಗಳೆಂದಿಟ್ಟುಕೊಂಡರೂ ಎರಡು ವರ್ಷಗಳಿಗೆ 1200 ಗಂಟೆಗಳಾಗುತ್ತವೆ. ಓದಿಗೂ ನಿದ್ರೆಗೂ ಸಲ್ಲಬೇಕಾದ ಹೊತ್ತು ಅದು. ದೂರದ ಕಾಲೇಜೇ ಬೇಕೆಂದಾದರೆ ವಿದ್ಯಾರ್ಥಿನಿಲಯವನ್ನು ವಿಚಾರಿಸುವುದು ಲೇಸು. ಸಮಾಜ ಕಲ್ಯಾಣ ಇಲಾಖೆಯೂ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯೂ ಮೆಟ್ರಿಕ್ ನಂತರದವರಿಗೆಂದೇ ನಿಲಯಗಳನ್ನು ನಡೆಸುತ್ತವೆ.

ಹಣದ ವಿಷಯದಲ್ಲಿಯೂ ಎಚ್ಚರ ಬೇಕು. ವೈದ್ಯಶಿಕ್ಷಣಕ್ಕೆ ನೀಟ್ ಪರೀಕ್ಷೆಯುಂಟು. ಇಂಜಿನಿಯರಿಂಗಿಗೆ ರಾಜ್ಯದ ಸಿ.ಇ.ಟಿ.ಯ ಅಂಕಗಳನ್ನೂ ಪಿ.ಯು.ಸಿ.ಯ ಅಂಕಗಳನ್ನೂ ಅರ್ಧರ್ಧ ಸೇರಿಸಿ ಶ್ರೇಯಾಂಕ ಕೊಡುತ್ತಾರೆ. ಈ ದಾರಿಗಳನ್ನು ಬಯಸದ ಮಗುವಿಗಾಗಿ ತರಬೇತಿಯ ಶುಲ್ಕವನ್ನು ಸಾಲ ಮಾಡಿ ಕಟ್ಟುವುದರಿಂದ ಪ್ರಯೋಜನವಿಲ್ಲ. ಪಟ್ಟಣಕ್ಕೆ ಕಳುಹಿಸಿದರೆ ಸಿ.ಇ.ಟಿ.ಯಲ್ಲಿ ಗ್ರಾಮೀಣ ಮೀಸಲಾತಿಯೂ ಕನ್ನಡ ಮಾಧ್ಯಮದ ಮೀಸಲಾತಿಯೂ ತಪ್ಪಿಹೋಗುವುವೆಂಬ ಭಯ ಕೆಲವರಿಗುಂಟು. ಅವೆರಡಕ್ಕೂ ಎಣಿಸುವುದು 1ರಿಂದ 10ನೆಯ ತರಗತಿಯವರೆಗಿನ ಓದನ್ನು, ಪಿ.ಯು.ಸಿ.ಗೆ ಊರು ಬದಲಾಯಿಸಿದ ಮಾತ್ರಕ್ಕೆ ಹಕ್ಕು ಹೋಗದು.

ಕನ್ನಡ ಮಾಧ್ಯಮದಿಂದ ಬಂದು ವಿಜ್ಞಾನಕ್ಕೆ ಸೇರುವವರಿಗೆ ಮೊದಲ ತಿಂಗಳುಗಳು ಕಷ್ಟದವು. ಅದುವರೆಗೆ ತಾಯ್ನುಡಿಯಲ್ಲಿ ತಿಳಿದದ್ದನ್ನು ಇಂಗ್ಲಿಷಿನಲ್ಲಿ ಮತ್ತೆ ಕಲಿಯಬೇಕಾಗುತ್ತದೆ. ಅಂಥ ಸಮಯದಲ್ಲಿ ಆವರಣದ ಆಚೆಗೇ ಹಳೆಯ ಮೇಷ್ಟರು ಇರುವುದು ದೊಡ್ಡ ಆಸರೆ. ಸಂಕೋಚದ ಸ್ವಭಾವದ ಮಗುವಿಗೆ ಇದು ಎಷ್ಟೋ ಶುಲ್ಕಕ್ಕಿಂತ ಮಿಗಿಲು. ಆದರೆ ಹಳೆಯ ಶಾಲೆಯಲ್ಲಿ ಒಂದು ಹೆಸರು ಹೊತ್ತು ಬೇಸತ್ತ ಮಗುವಿಗೆ ಹೊಸ ಜಾಗವೇ ಹೊಸ ಉಸಿರು ಆಗಬಹುದು.

ಕೊನೆಯದಾಗಿ ಒಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕಾಗಿದೆ. ಮಗನಿಗೆ ದೂರದ ವಿಜ್ಞಾನ, ಮಗಳಿಗೆ ಹತ್ತಿರವಿರುವುದು ಯಾವುದೋ ಅದು ಎಂಬ ಎರಡು ತಕ್ಕಡಿಗಳು ನಮ್ಮ ಮನೆಗಳಲ್ಲಿ ಇನ್ನೂ ಉಂಟು. ಊರಿನ ಕಾಲೇಜು ಅವಳಿಗೆ ತಕ್ಕುದಾಗಿದ್ದರೆ ಅಲ್ಲಿಯೇ ಓದಲಿ. ತಕ್ಕುದಲ್ಲದಿದ್ದರೆ ದೂರವೆಂಬ ನೆಪದಿಂದ ಅವಳ ಓದು ನಿಲ್ಲಬಾರದು. 2023ರ ಜೂನ್ ತಿಂಗಳಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಸ್ತ್ರೀಯರಿಗೆ ಟಿಕೆಟ್ಟಿನ ಹಣವೂ ಇಲ್ಲವಾಗಿದೆ. ಉಳಿದಿರುವುದು ನಮ್ಮ ಮನಸ್ಸಿನ ದೂರವೊಂದೇ.

ವಿಷಯಗಳೂ ಪಾಠ ಹೇಳುವವರೂ ಇದ್ದಲ್ಲಿ ಊರಿನ ಕಾಲೇಜೇ ಉತ್ತಮ, ಇಲ್ಲದಿದ್ದಲ್ಲಿ ಹೊರಡುವುದೇ ಉತ್ತಮ ಎಂಬುದು ನಮ್ಮ ಅಭಿಪ್ರಾಯ. ಅರ್ಜಿಯನ್ನು ತುಂಬುವ ಮೊದಲು ತಂದೆತಾಯಿಗಳು ಎರಡು ಕಾಲೇಜುಗಳನ್ನೂ ಮಗುವನ್ನು ಕರೆದುಕೊಂಡೇ ಹೋಗಿ ನೋಡಿ ಬರಲಿ. ಮನೆಗೆ ಬಂದ ಮೇಲೆ ಮೊದಲ ಮಾತನ್ನು ಮಗುವೇ ಆಡಲಿ.