ಕಾರ್ಡು ಕೈಯಲ್ಲಿ, ಆಸ್ಪತ್ರೆ ಗಡಿಯಾಚೆ

ಕಾಸರಗೋಡು ಜಿಲ್ಲೆಯಲ್ಲಿ ಚಿಕಿತ್ಸೆಯ ವೆಚ್ಚದ ಮಾತು ಬಂದಾಗಲೆಲ್ಲ ಎರಡು ಸಮಾಧಾನಗಳು ಸಿದ್ಧವಾಗಿರುತ್ತವೆ. ಬಡವರಿಗೆ ಆರೋಗ್ಯ ವಿಮೆಯ ಕಾರ್ಡು ಇದೆಯಲ್ಲ ಎಂಬುದು ಒಂದು, ದೊಡ್ಡ ಕಾಯಿಲೆಗೆ ಮಂಗಳೂರು ಇದೆಯಲ್ಲ ಎಂಬುದು ಇನ್ನೊಂದು. ಮೊದಲನೆಯದನ್ನು ಸರ್ಕಾರ ಹೇಳುತ್ತದೆ. ಎರಡನೆಯದನ್ನು ಜನರೇ, ಅದರಲ್ಲೂ ಕುಂಬಳೆ, ಮಂಜೇಶ್ವರ, ಪೆರ್ಲ ಕಡೆಯ ಕನ್ನಡ ಮತ್ತು ತುಳು ಮಾತನಾಡುವ ಮಧ್ಯಮ ವರ್ಗದವರು, ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಈ ಎರಡು ಸಮಾಧಾನಗಳು ಒಂದಕ್ಕೊಂದು ಆತುಕೊಂಡಿರುವುದರಿಂದಲೇ, 1984ರ ಮೇ 24ರಂದು ರೂಪುಗೊಂಡ ಈ ಜಿಲ್ಲೆ ನಾಲ್ಕು ದಶಕ ದಾಟಿದ ಮೇಲೂ ಹೃದಯಾಘಾತವಾದವರನ್ನು, ತಲೆಗೆ ಪೆಟ್ಟು ಬಿದ್ದವರನ್ನು ಆಂಬುಲೆನ್ಸಿನಲ್ಲಿ ಮಲಗಿಸಿ ಬೇರೆ ರಾಜ್ಯಕ್ಕೋ ಬೇರೆ ಜಿಲ್ಲೆಗೋ ಕಳಿಸುವ ಸ್ಥಿತಿಯಿಂದ ಪಾರಾಗಿಲ್ಲ.

ಸಾರ್ವತ್ರಿಕ ಆರೋಗ್ಯ ಸೇವೆ ಎಂದರೆ, ಯಾವ ವ್ಯಕ್ತಿಯೂ ಹಣವಿಲ್ಲವೆಂಬ ಕಾರಣಕ್ಕೆ ಅಗತ್ಯ ಚಿಕಿತ್ಸೆಯಿಂದ ವಂಚಿತನಾಗದಂತೆ, ತೆರಿಗೆಯಿಂದಲೋ ಸಾಮಾಜಿಕ ವಿಮೆಯಿಂದಲೋ ಇಡೀ ಸಮಾಜವೇ ವೆಚ್ಚವನ್ನು ಹೊರುವ ವ್ಯವಸ್ಥೆ. ಇದು ಹೊರಗಿನಿಂದ ಬಂದ ಹೊಸ ಮಾತೇನಲ್ಲ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ 1948ರ ಜುಲೈಯಲ್ಲಿ ಆರಂಭವಾಗುವುದಕ್ಕೂ ಎರಡು ವರ್ಷ ಮೊದಲು, 1946ರಲ್ಲಿ, ಸರ್ ಜೋಸೆಫ್ ಭೋರ್ ಅಧ್ಯಕ್ಷತೆಯ ಸಮಿತಿ ಇದೇ ತತ್ತ್ವವನ್ನು ಭಾರತದ ಸರ್ಕಾರದ ಮುಂದಿಟ್ಟಿತ್ತು. ಆ ವರದಿ ಕೇಳಿದ್ದು ಹಳ್ಳಿಯಿಂದ ಜಿಲ್ಲಾ ಕೇಂದ್ರದವರೆಗೆ ಹಂತ ಹಂತವಾಗಿ ಕಟ್ಟಿದ ಆಸ್ಪತ್ರೆಗಳ ಸರಣಿಯನ್ನು. ದೇಶ ಕೊನೆಗೆ ಕೊಟ್ಟದ್ದು 2018ರ ಆಯುಷ್ಮಾನ್ ಭಾರತ ವಿಮೆಯನ್ನು. ಕೇರಳದಲ್ಲಿ ಅದು ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯ ರೂಪದಲ್ಲಿ ಬಂದಿದ್ದು, ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಒಳರೋಗಿ ಚಿಕಿತ್ಸೆ ಅದರಲ್ಲಿ ಸಿಗುತ್ತದೆ. ಅದಕ್ಕೂ ಹಿಂದೆ, ಕೆ.ಎಂ. ಮಾಣಿ ಹಣಕಾಸು ಸಚಿವರಾಗಿದ್ದ ಕಾಲದಲ್ಲಿ, ಬಡ ರೋಗಿಗಳ ನೆರವಿಗೆಂದು ಕಾರುಣ್ಯ ಹೆಸರಿನ ಲಾಟರಿಯನ್ನೇ ನಡೆಸಲಾಯಿತು. ಒಬ್ಬನ ಶಸ್ತ್ರಚಿಕಿತ್ಸೆಗೆ ಇನ್ನೊಬ್ಬ ಬಡವನ ಅದೃಷ್ಟ ಪರೀಕ್ಷೆಯಿಂದ ಹಣ ಹೊಂದಿಸುವ ಈ ಏರ್ಪಾಡನ್ನು ಜನಪರ ಎಂದು ಕೊಂಡಾಡಿದವರು ಕಡಿಮೆಯಿರಲಿಲ್ಲ.

ಕಾರ್ಡಿನಿಂದ ಉಪಯೋಗವೇ ಇಲ್ಲವೆಂದು ವಾದಿಸುವುದು ಅನ್ಯಾಯವಾದೀತು. ಅದರಿಂದ ಜೀವ ಉಳಿದವರಿದ್ದಾರೆ. ಆದರೆ ಅದು ಮುಖ್ಯವಾಗಿ ದಾಖಲಾದ ರೋಗಿಯ ಬಿಲ್ಲನ್ನು ನೋಡಿಕೊಳ್ಳುತ್ತದೆಯೇ ಹೊರತು, ತಿಂಗಳು ತಿಂಗಳೂ ಔಷಧ ಅಂಗಡಿಯಲ್ಲಿ ಕೊಡಬೇಕಾದ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳ ಹಣವನ್ನಾಗಲಿ, ಹೊರಗೆ ಬರೆದುಕೊಟ್ಟ ಸ್ಕ್ಯಾನಿಂಗಿನ ಶುಲ್ಕವನ್ನಾಗಲಿ, ಜೊತೆಗೆ ಹೋದವರು ಕಳೆದುಕೊಂಡ ದಿನಗೂಲಿಯನ್ನಾಗಲಿ ನೋಡುವುದಿಲ್ಲ. ಡಯಾಲಿಸಿಸ್ ಎಂಬ ರಕ್ತ ಶುದ್ಧೀಕರಣಕ್ಕೆ ವಾರಕ್ಕೆ ಎರಡು ಮೂರು ಬಾರಿ ಹೋಗಬೇಕಾದ ಮೂತ್ರಪಿಂಡ ರೋಗಿಗೆ ಚಿಕಿತ್ಸೆ ಉಚಿತವಾದರೂ ದಾರಿ ಉಚಿತವಲ್ಲ. ಗುಡ್ಡದ ಮೇಲಿನ ಮನೆಯಿಂದ ಜೀಪು ಮಾಡಿಸಿಕೊಂಡು ಹೋಗಿಬರುವ ಬಾಡಿಗೆಯೇ ಮನೆಯ ಲೆಕ್ಕ ತಪ್ಪಿಸುತ್ತದೆ. ಶಿಶುಮರಣ ಪ್ರಮಾಣ ದೇಶದ ದೊಡ್ಡ ರಾಜ್ಯಗಳಲ್ಲೆಲ್ಲ ಅತಿ ಕಡಿಮೆಯಿರುವ ಕೇರಳವೇ, ಜನರು ಕೈಯಿಂದ ಮಾಡುವ ತಲಾ ವೈದ್ಯಕೀಯ ಖರ್ಚಿನಲ್ಲಿ ಮುಂಚೂಣಿಯ ರಾಜ್ಯಗಳಲ್ಲೊಂದಾಗಿದೆ ಎಂಬುದನ್ನು ‘ಕೇರಳ ಮಾದರಿ’ಯ ಭಾಷಣಕಾರರು ಸಾಮಾನ್ಯವಾಗಿ ಬಿಟ್ಟೇ ಮಾತನಾಡುತ್ತಾರೆ.

ಕಾರ್ಡು ಬಿಟ್ಟ ಕಂದರವನ್ನು ತುಂಬುತ್ತಿರುವುದು ಊರಿನ ಔದಾರ್ಯ. ಯುವಕನೊಬ್ಬನಿಗೆ ಮೂತ್ರಪಿಂಡ ಕಸಿಯೋ ಮಗುವಿಗೆ ರಕ್ತದ ಕ್ಯಾನ್ಸರಿನ ಚಿಕಿತ್ಸೆಯೋ ಆಗಬೇಕೆಂದರೆ, ಪಂಚಾಯತ್ ಸದಸ್ಯರು, ದೇವಸ್ಥಾನದ ಆಡಳಿತ ಸಮಿತಿಯವರು, ಮಸೀದಿಯ ಜಮಾಅತಿನವರು, ಕ್ಲಬ್ಬಿನ ಹುಡುಗರು ಒಂದಾಗಿ ‘ಚಿಕಿತ್ಸಾ ಸಹಾಯ ಸಮಿತಿ’ ಮಾಡುತ್ತಾರೆ. ರೋಗಿಯ ಭಾವಚಿತ್ರ, ಬ್ಯಾಂಕ್ ಖಾತೆಯ ಸಂಖ್ಯೆ ಇರುವ ಫ್ಲೆಕ್ಸ್ ಜಂಕ್ಷನ್ನಿನಲ್ಲಿ ಏಳುತ್ತದೆ. ಪತ್ರಿಕೆಯಲ್ಲಿ ಮನವಿ ಬರುತ್ತದೆ. ಖಾಸಗಿ ಬಸ್ಸುಗಳು ‘ಕಾರುಣ್ಯ ಯಾತ್ರೆ’ ಹೊರಟು, ಅಂದು ಟಿಕೆಟಿನ ಬದಲು ಬಕೆಟ್ ಹಿಡಿದ ನಿರ್ವಾಹಕನಿಗೆ ಪ್ರಯಾಣಿಕರು ಕೈಲಾದಷ್ಟು ಹಾಕುತ್ತಾರೆ. ಜಾತಿ, ಮತ, ಪಕ್ಷಗಳು ಇಷ್ಟು ಸಲೀಸಾಗಿ ಬೆರೆಯುವ ಸಂದರ್ಭ ಈ ಜಿಲ್ಲೆಯಲ್ಲಿ ಬೇರೆ ಇಲ್ಲವೆಂದರೂ ಸಲ್ಲುತ್ತದೆ, ಆ ಮಟ್ಟಿಗೆ ಅದು ಗೌರವಾರ್ಹವೇ. ಆದರೂ ಹಕ್ಕಿನ ಜಾಗದಲ್ಲಿ ದಾನ ಕುಳಿತರೆ ಆಗುವ ಅನರ್ಥವನ್ನು ಹೇಳಲೇಬೇಕು. ಚಿಕ್ಕ ಪ್ರಾಯದವರ, ನಾಲ್ಕು ಜನಕ್ಕೆ ಬೇಕಾದವರ, ಫೋಟೊ ನೋಡಿದೊಡನೆ ಅಯ್ಯೋ ಅನಿಸುವವರ ಸಮಿತಿಗೆ ಹಣ ಬೇಗ ಕೂಡುತ್ತದೆ. ಮಾನಸಿಕ ಕಾಯಿಲೆಯ ಮಧ್ಯವಯಸ್ಕ ಹೆಂಗಸಿಗೆ, ಕುಡಿತದಿಂದ ಪಿತ್ತಜನಕಾಂಗ ಕೆಟ್ಟವನಿಗೆ, ಕಾಲೊನಿಯ ಕೊರಗ ಮುದುಕನಿಗೆ ಸಮಿತಿ ಮಾಡುವವರು ಯಾರು? ತನ್ನ ಬಡತನವನ್ನು ಜಂಕ್ಷನ್ನಿನಲ್ಲಿ ನಿಲ್ಲಿಸಿ ತೋರಿಸಲು ಒಪ್ಪದ ಮಾನವಂತನಿಗೆ ಉಳಿಯುವ ದಾರಿ ಜಾಗ ಮಾರುವುದು ಅಥವಾ ಚಿನ್ನ ಅಡವಿಡುವುದು.

ಮಂಗಳೂರಿನ ಸಮಾಧಾನದ ಬೇರು ಇನ್ನೂ ಆಳದಲ್ಲಿದೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯದೇ ತಾಲೂಕಾಗಿದ್ದು, ಮಂಗಳೂರಿನ ವೆನ್ಲಾಕ್ ಆಸ್ಪತ್ರೆ ಇಲ್ಲಿನವರಿಗೂ ಸ್ವಂತ ಜಿಲ್ಲೆಯ ಆಸ್ಪತ್ರೆಯಾಗಿತ್ತು. ಡಾ. ಟಿ.ಎಂ.ಎ. ಪೈ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಕಟ್ಟಿದಾಗ ಅದರ ವಿದ್ಯಾರ್ಥಿಗಳು ರೋಗಿಗಳನ್ನು ನೋಡಿ ಕಲಿತದ್ದು ಇದೇ ಸರ್ಕಾರಿ ವೆನ್ಲಾಕಿನಲ್ಲಿ; ಖಾಸಗಿ ವೈದ್ಯಕೀಯಕ್ಕೆ ಹೆಸರಾದ ಮಂಗಳೂರಿನ ಅಡಿಪಾಯದಲ್ಲಿಯೂ ಸಾರ್ವಜನಿಕ ಆಸ್ಪತ್ರೆಯ ಕಲ್ಲಿದೆ ಎಂಬುದು ಮರೆತುಹೋದ ಸಂಗತಿ. ಆಮೇಲೆ ದೇರಳಕಟ್ಟೆಯವರೆಗೆ ಕಾಲೇಜುಗಳ ಸಾಲೇ ಎದ್ದಿತು, ಗಡಿಯ ಈಚೆ ಕಟ್ಟುವ ಅವಸರ ತಿರುವನಂತಪುರಕ್ಕೆ ಕಾಣಲಿಲ್ಲ.

ಆ ನೆಚ್ಚಿಕೆಯ ಬೆಲೆ ತಿಳಿದದ್ದು 2020ರ ಮಾರ್ಚ್ ಕೊನೆಯಲ್ಲಿ. ಕೋವಿಡ್ ಹೆಚ್ಚಿದ ಜಿಲ್ಲೆಯೆಂಬ ಕಾರಣಕ್ಕೆ ಕರ್ನಾಟಕ ಗಡಿಯ ತಲಪಾಡಿಯಲ್ಲಿ ಹೆದ್ದಾರಿಯನ್ನು ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿಸಿತು. ಆಂಬುಲೆನ್ಸುಗಳು ಹಿಂದಿರುಗಿದವು, ಹಲವರು ಚಿಕಿತ್ಸೆ ಸಿಗದೆ ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆ ತೆರವುಗೊಳಿಸಲು ಕೇಂದ್ರಕ್ಕೆ ಆದೇಶಿಸಿತು, ಪ್ರಕರಣ ಸುಪ್ರೀಂ ಕೋರ್ಟು ಮುಟ್ಟಿ, ಏಪ್ರಿಲ್ 7ರಂದು ರೋಗಿಗಳ ಸಂಚಾರಕ್ಕೆ ಕ್ರಮವೊಂದು ನಿಗದಿಯಾಯಿತೆಂದು ಮುಗಿಯಿತು. ತುರ್ತು ಚಿಕಿತ್ಸೆ ನಿರಾಕರಣೆ ಬದುಕುವ ಹಕ್ಕಿನ ಉಲ್ಲಂಘನೆಯೆಂದೂ ಹಣದ ಕೊರತೆ ಅದಕ್ಕೆ ನೆಪವಾಗದೆಂದೂ ಸುಪ್ರೀಂ ಕೋರ್ಟು 1996ರಲ್ಲೇ ಪಶ್ಚಿಮ ಬಂಗಾಳದ ಪ್ರಕರಣವೊಂದರಲ್ಲಿ ಹೇಳಿತ್ತು. ಕರ್ನಾಟಕದ ನಡೆ ಕ್ರೂರವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜಿಲ್ಲೆಯ ಜನರ ಜೀವವನ್ನು ನೆರೆರಾಜ್ಯದ ಮರ್ಜಿಗೆ ಬಿಟ್ಟಿದ್ದ ಕೇರಳವೂ ಅಷ್ಟೇ ಹೊಣೆಗಾರ; ಅಂದಿನ ಕೂಗಾಟದಲ್ಲಿ ಈ ಎರಡನೆಯ ಹೊಣೆ ಸುಲಭವಾಗಿ ತಪ್ಪಿಸಿಕೊಂಡಿತು.

ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯ ಉಕ್ಕಿನಡ್ಕದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಶಂಕುಸ್ಥಾಪನೆ ನಡೆದದ್ದು 2013ರ ನವೆಂಬರ್ 30ರಂದು. ತಲಪಾಡಿ ಮುಚ್ಚಿದ ಮೇಲೆ, 2020ರ ಏಪ್ರಿಲಿನಲ್ಲಿ, ಅಲ್ಲಿನ ತರಗತಿ ಕಟ್ಟಡವನ್ನೇ ದಿನಗಳೊಳಗೆ ಕೋವಿಡ್ ಆಸ್ಪತ್ರೆಯಾಗಿ ಮಾರ್ಪಡಿಸಲಾಯಿತು. ಮನಸ್ಸು ಮಾಡಿದರೆ ಆಗುತ್ತದೆಂಬುದಕ್ಕೆ ಸರ್ಕಾರವೇ ಒದಗಿಸಿದ ಸಾಕ್ಷ್ಯವಿದು. ಹೊರರೋಗಿ ವಿಭಾಗ ಬಂದದ್ದು 2022ರ ಜನವರಿಯಲ್ಲಿ, 50 ಎಂಬಿಬಿಎಸ್ ಸೀಟುಗಳಿಗೆ ಅನುಮತಿ ಸಿಕ್ಕಿದ್ದು 2025ರಲ್ಲಿ. ಅಡಿಗಲ್ಲಿನಿಂದ ಮೊದಲ ವಿದ್ಯಾರ್ಥಿಯವರೆಗೆ ಹನ್ನೆರಡು ವರ್ಷ.

ಇದೇ ಉಕ್ಕಿನಡ್ಕಕ್ಕೆ ಹತ್ತಿರದ ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ ಪ್ರದೇಶಗಳು ಎಂಡೋಸಲ್ಫಾನ್ ದುರಂತದ ಹೆಸರಿನಿಂದ ಜಗತ್ತಿಗೆ ಪರಿಚಿತವಾದವು. ಸರ್ಕಾರಿ ಸ್ವಾಮ್ಯದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಈ ಕೀಟನಾಶಕವನ್ನು 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಸಿಂಪಡಿಸಲಾಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಬೇಕೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆದೇಶಿಸಿದರೆ, ಐದು ವರ್ಷ ಕಳೆದ ಮೇಲೆ, 2022ರ ಮೇ ತಿಂಗಳಲ್ಲಿ, 3,704 ಸಂತ್ರಸ್ತರಲ್ಲಿ ಹಣ ತಲುಪಿದ್ದು 8 ಮಂದಿಗೆ ಮಾತ್ರವೆಂದು ಅದೇ ನ್ಯಾಯಾಲಯ ಗಮನಿಸಬೇಕಾಯಿತು. ಕಾಯಿಲೆಯನ್ನು ಸರ್ಕಾರದ ತೋಟವೇ ಹಂಚಿದ ಕಡೆ ಚಿಕಿತ್ಸೆಯನ್ನು ಉಪಕಾರವೆಂದು ಹಂಚಲು ಯಾವ ಸರ್ಕಾರಕ್ಕೂ ನೈತಿಕ ಅಧಿಕಾರವಿಲ್ಲ.

ಸರ್ಕಾರಿ ಆಸ್ಪತ್ರೆ ಕಟ್ಟಿದರೂ ತಜ್ಞ ವೈದ್ಯರು ಕಾಸರಗೋಡಿಗೆ ಬರುವುದಿಲ್ಲ, ಬಂದರೂ ವರ್ಗ ಮಾಡಿಸಿಕೊಂಡು ಹೋಗುತ್ತಾರೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಅದಕ್ಕೆ ಮದ್ದು, ಇಲ್ಲಿನ ಹುದ್ದೆಯನ್ನು ಶಿಕ್ಷೆಯ ವರ್ಗಾವಣೆಯಾಗಿ ಬಳಸುವುದನ್ನು ನಿಲ್ಲಿಸಿ, ವಸತಿ, ಹೆಚ್ಚುವರಿ ಭತ್ಯೆ, ಕನಿಷ್ಠ ಅವಧಿಯ ನಿಯಮಗಳನ್ನು ಒಟ್ಟಿಗೆ ತರುವುದು. ಜೊತೆಗೆ ಕನ್ನಡ ಮತ್ತು ತುಳು ಬಲ್ಲ ಸ್ಥಳೀಯರನ್ನು ನರ್ಸಿಂಗ್ ಹುದ್ದೆಗಳಿಗೆ ಬೆಳೆಸುವುದು, ಏಕೆಂದರೆ ತನ್ನ ನೋವು ಎಲ್ಲಿದೆಯೆಂದು ಮಲಯಾಳದಲ್ಲಿ ಹೇಳಲಾಗದ ಅಜ್ಜಿ ಮಂಗಳೂರಿನ ಬಸ್ಸು ಹತ್ತುವುದು ಬರೀ ಯಂತ್ರೋಪಕರಣಗಳ ಆಸೆಗಲ್ಲ. ಇನ್ನು ಕೇರಳ ಕೇಳುತ್ತಿರುವ ಏಮ್ಸ್ ಆಸ್ಪತ್ರೆ ಕಾಸರಗೋಡಿಗೋ ಕೋಝಿಕ್ಕೋಡಿನ ಕಿನಾಲೂರಿಗೋ ಎಂಬ ಜಗಳ. ಅದರ ಹಿಂದಿನ ಸಂಕಟ ನಿಜವಾದರೂ, ಬಾರದ ಏಮ್ಸಿನ ಹೆಸರಿನಲ್ಲಿ ಇರುವ ಉಕ್ಕಿನಡ್ಕದ ಲೆಕ್ಕ ಕೇಳುವುದು ಹಿಂದೆ ಬೀಳಬಾರದು.

ಮಂಜೇಶ್ವರ, ಕಾಸರಗೋಡು, ಉದುಮ, ಕಾಞಂಗಾಡು, ತ್ರಿಕರಿಪುರ ಎಂಬ ಐದು ಕ್ಷೇತ್ರಗಳಲ್ಲಿ ಮತ ಕೇಳಲು ಬರುವವರಿಂದ ಮತದಾರರು ಮೂರು ವಿಷಯಗಳ ಬಗ್ಗೆ ಲಿಖಿತ ಉತ್ತರ ಪಡೆಯಬೇಕು. ಉಕ್ಕಿನಡ್ಕದಲ್ಲಿ ಹೃದಯ, ನರ, ಮೂತ್ರಪಿಂಡ ಮತ್ತು ಕ್ಯಾನ್ಸರ್ ವಿಭಾಗಗಳು ಹಗಲಿರುಳು ನಡೆಯುವುದು ಯಾವ ದಿನಾಂಕದಿಂದ, ಹೊರರೋಗಿಯ ಔಷಧ ಮತ್ತು ಪರೀಕ್ಷೆಗಳ ವೆಚ್ಚವನ್ನು ಸರ್ಕಾರ ಹೊರುವುದು ಯಾವಾಗ, ಕೇರಳದ ಕಾರ್ಡು ಮಂಗಳೂರಿನಲ್ಲಿ ತಕರಾರಿಲ್ಲದೆ ನಡೆಯುವಂತೆಯೂ ಆಂಬುಲೆನ್ಸಿಗೆ ತಲಪಾಡಿ ಎಂದೂ ಮುಚ್ಚದಂತೆಯೂ ಎರಡು ರಾಜ್ಯಗಳು ಒಪ್ಪಂದಕ್ಕೆ ಸಹಿ ಹಾಕುವುದು ಎಂದು? ಕಾರ್ಡು ತೋರಿಸಿ ಜಾರಿಕೊಳ್ಳುವವರಿಗೆ ಈ ಬಾರಿ ಮತ ಕೊಡದಿರುವುದೇ ಸರಿ.