ರಸ್ತೆ ತಡೆ ಮುಗಿದ ಮೇಲೆ ಉಳಿಯುವುದೇನು?

ಕಂಪಲಾಪುರದ ತಂಬಾಕು ಹರಾಜು ಮಾರುಕಟ್ಟೆಯಲ್ಲಿ ದರ ಕುಸಿದ ದಿನ ಏನಾಗುತ್ತದೆ ಎಂಬುದು ಈ ಭಾಗದವರಿಗೆಲ್ಲ ಬಾಯಿಪಾಠ. ನಿನ್ನೆ ಸಿಕ್ಕ ಬೆಲೆ ಇವತ್ತು ಇಲ್ಲ ಎಂದು ಗೊತ್ತಾಗುತ್ತಿದ್ದಂತೆ ಬೇಲುಗಳ ಸಾಲಿನ ನಡುವೆ ಯಾರೋ ಒಬ್ಬರು ದನಿ ಎತ್ತುತ್ತಾರೆ. ಸ್ವಲ್ಪ ಹೊತ್ತಿಗೆ ಹರಾಜು ನಿಲ್ಲುತ್ತದೆ. ಆಮೇಲೆ ಜನ ಮೈಸೂರು–ಮಡಿಕೇರಿ ಹೆದ್ದಾರಿಗೆ ಇಳಿದು ಕೂರುತ್ತಾರೆ. ಅಧಿಕಾರಿಗಳು ಬರುತ್ತಾರೆ, ಕಂಪನಿಗಳ ಜತೆ ಮಾತಾಡುತ್ತೇವೆ ಎನ್ನುತ್ತಾರೆ. ಸಂಜೆಯ ಹೊತ್ತಿಗೆ ರಸ್ತೆ ತೆರವಾಗುತ್ತದೆ. ಮರುದಿನ ದರ ಒಂದಿಷ್ಟು ಏರಿ, ವಾರದೊಳಗೆ ಮತ್ತೆ ಇಳಿಯುತ್ತದೆ.

ಆ ರಸ್ತೆಯಲ್ಲಿ ನಾನೂ ಕೂತಿದ್ದೇನೆ. ತಂಬಾಕು ಸೊಪ್ಪು ಹದ ಮಾಡುವ ಬ್ಯಾರನ್ ಬಾಗಿಲಲ್ಲಿ ರಾತ್ರಿಯಿಡೀ ಬೆಂಕಿ ಕಾದು ಬೆಳೆದವನು ನಾನು. ಸೊಪ್ಪು ಒಂದು ಗಳಿಗೆ ಹೆಚ್ಚು ಬೆಂದರೂ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಬ್ರೈಟ್ ಹೋಗಿ ಲೋ ಗ್ರೇಡ್ ಆಗುತ್ತದೆ, ಲೋ ಗ್ರೇಡ್ ಆದರೆ ಕೈಸಾಲ ತೀರುವುದಿಲ್ಲ ಎಂಬ ಲೆಕ್ಕ ಈ ಊರುಗಳ ಮಕ್ಕಳಿಗೂ ಗೊತ್ತು. ಹಾಗಾಗಿ ಆ ಸಿಟ್ಟು ನಿಜವಾದದ್ದು, ನ್ಯಾಯವಾದದ್ದು. ಆದರೆ ರಾಜ್ಯದಲ್ಲಿ ತಂಬಾಕು ಮಂಡಳಿಯ ಹರಾಜು ಪದ್ಧತಿ ಶುರುವಾದದ್ದು 1984ರಲ್ಲಿ. ಅಲ್ಲಿಂದ ನಾಲ್ಕು ದಶಕ ಪ್ರತಿ ಹಂಗಾಮಿನಲ್ಲೂ ನಾವು ಸೇರಿದ್ದೇವೆ, ಪ್ರತಿ ಹಂಗಾಮಿನಲ್ಲೂ ಚದುರಿದ್ದೇವೆ. ಹೆಚ್ಚುವರಿ ತಂಬಾಕಿನ ಮೇಲಿನ ದಂಡ ಮನ್ನಾ ಮಾಡಿ ಎಂಬ ಮನವಿಯನ್ನು ವರ್ಷವೂ ಹೊಸದೆಂಬಂತೆ ಬರೆಯುತ್ತೇವೆ. ಇಷ್ಟು ಜನ, ಇಷ್ಟು ವರ್ಷ ಒಟ್ಟಾಗಿಯೂ ನಮ್ಮ ಸ್ಥಿತಿ ಯಾಕೆ ಬದಲಾಗಲಿಲ್ಲ?

ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ತಾಲ್ಲೂಕುಗಳ ಕಾಡಂಚಿನ ಆದಿವಾಸಿ ಹಾಡಿಗಳಿಗೆ ಹೋದರೆ ಸಾಕು. ನಮಗಿಂತ ಬಡವರು, ನಮಗಿಂತ ಕಡಿಮೆ ಓದಿದವರು, ಬಹುಪಾಲು ಜಮೀನೇ ಇಲ್ಲದವರು ಅಲ್ಲಿದ್ದಾರೆ. ಅವರು ಮಾಡಿ ತೋರಿಸಿದ್ದನ್ನು ನಾವು ಈವರೆಗೆ ಸರಿಯಾಗಿ ನೋಡಿಯೇ ಇಲ್ಲ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಾಗರಹೊಳೆ ಕಾಡಿನಿಂದ ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳು ಹೊರಬೀಳುತ್ತಾ ಬಂದವು. ಹಲವರಿಗೆ ಆದೇಶದ ಪ್ರತಿ ಸಿಗಲಿಲ್ಲ, ಪರಿಹಾರವೂ ಸಿಗಲಿಲ್ಲ. ಬಂದವರು ಕೊಡಗಿನ ಕಾಫಿ ತೋಟಗಳ ಲೈನ್ ಮನೆ ಸೇರಿದರು, ನಮ್ಮ ತಂಬಾಕು ಹೊಲಗಳಿಗೂ ಕೂಲಿಗೆ ಬಂದರು. ನಮ್ಮ ಹೊಲದ ಬದುವಿನಲ್ಲಿ ಬುತ್ತಿ ಬಿಚ್ಚುತ್ತಿದ್ದವರು ಒಂದು ಕಾಲಕ್ಕೆ ಎಲ್ಲಿಯವರಾಗಿದ್ದರು ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಅವರು ಮಾತ್ರ ಒಬ್ಬರನ್ನೊಬ್ಬರು ಕೇಳಿಕೊಂಡರು. ಹಾಡಿಯಿಂದ ಹಾಡಿಗೆ ನಡೆದು ಸಂಘ ಕಟ್ಟಿದರು. ಬುಡಕಟ್ಟು ಕೃಷಿಕರ ಸಂಘ ಬಂತು, ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಬಂತು. ಹುಣಸೂರಿನ ‘ಡೀಡ್’ ಸಂಸ್ಥೆ ಜತೆಗೆ ನಿಂತಿತು. ತೊಂಬತ್ತರ ದಶಕದಲ್ಲಿ ರಾಷ್ಟ್ರೀಯ ಉದ್ಯಾನದೊಳಗೇ, ಮೂರ್ಕಲ್‌ನಲ್ಲಿ, ತಾಜ್ ಸಮೂಹದ ಗೇಟ್‌ವೇ ಹೋಟೆಲ್ಸ್‌ಗೆ ರೆಸಾರ್ಟ್ ನಡೆಸಲು ಸರ್ಕಾರ ಗುತ್ತಿಗೆ ಕೊಟ್ಟಾಗ ಈ ಸಂಘಟನೆಗೆ ಮೊದಲ ದೊಡ್ಡ ಪರೀಕ್ಷೆ ಎದುರಾಯಿತು. ಗೆಡ್ಡೆ ಅಗೆದರೆ, ಜೇನು ಕಿತ್ತರೆ ಕೇಸು ಹಾಕುವ ಕಾಡಿನಲ್ಲಿ ಪ್ರವಾಸಿಗರಿಗೆ ಹಾಸಿಗೆ ಹಾಸುವುದು ಯಾವ ನ್ಯಾಯ ಎಂಬುದು ಹಾಡಿಯವರ ಪ್ರಶ್ನೆ. ಅವರು ಧರಣಿ ಕೂತರು, ಜತೆಗೇ ಹೈಕೋರ್ಟಿಗೂ ಹೋದರು. ಕೇಂದ್ರದ ಪೂರ್ವಾನುಮತಿ ಇಲ್ಲದೆ ಅರಣ್ಯ ಜಾಗವನ್ನು ಹೀಗೆ ಕೊಡುವುದು 1980ರ ಅರಣ್ಯ ಸಂರಕ್ಷಣಾ ಕಾಯ್ದೆಗೆ ವಿರುದ್ಧ ಎಂದು 1997ರಲ್ಲಿ ಹೈಕೋರ್ಟ್ ಹೇಳಿತು. ರೆಸಾರ್ಟ್ ನಿಂತುಹೋಯಿತು. ಆ ಮೊಕದ್ದಮೆಯಲ್ಲಿ ಅರ್ಜಿದಾರರ ಜಾಗದಲ್ಲಿದ್ದದ್ದು ಸಮಿತಿಯ ಹೆಸರು.

ಗೆದ್ದ ಮೇಲೆ ಅವರು ಚದುರಲಿಲ್ಲ. ನಮಗೂ ಅವರಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಕಾಡಿನಿಂದ ಹೊರಬಿದ್ದವರು ಎಷ್ಟು ಜನ ಎಂಬ ಲೆಕ್ಕ ಸರ್ಕಾರದ ಬಳಿ ಸರಿಯಾಗಿ ಇರಲಿಲ್ಲ. ಲೆಕ್ಕವೇ ಇಲ್ಲದವರಿಗೆ ಪುನರ್ವಸತಿ ಎಲ್ಲಿಂದ ಬರಬೇಕು? ಹೋರಾಟ ಮತ್ತೆ ನ್ಯಾಯಾಲಯಕ್ಕೆ ಹೋಯಿತು. ಹೈಕೋರ್ಟ್ ನೇಮಿಸಿದ ಸಮಿತಿಗೆ ಮೈಸೂರು ವಿಶ್ವವಿದ್ಯಾಲಯದ ಪ್ರೊ. ಮುಜಾಫರ್ ಅಸ್ಸಾದಿ ಅಧ್ಯಕ್ಷರಾದರು. 2014ರಲ್ಲಿ ಬಂದ ವರದಿ 3,418 ಕುಟುಂಬಗಳಿಗೆ ಪುನರ್ವಸತಿ ಸಿಗಬೇಕು ಎಂದಿತು. ಆ ಸಂಖ್ಯೆಯ ಹಿಂದೆ ಯಾವ ಲೈನ್ ಮನೆಯಲ್ಲಿ ಯಾರ ಮಗಳಿದ್ದಾಳೆ, ಯಾವ ಹೊಲದ ಗುಡಿಸಲಿನಲ್ಲಿ ಯಾರ ಅಣ್ಣನಿದ್ದಾನೆ ಎಂದು ಹೇಳಬಲ್ಲ ಸಾವಿರಾರು ಬಾಯಿಗಳಿದ್ದವು.

ಕಾಗದವೆಂದರೆ ಹೆದರುತ್ತಿದ್ದ ಜನ ಕಾಗದವನ್ನೇ ತಮ್ಮ ಆಯುಧ ಮಾಡಿಕೊಂಡದ್ದು 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ. ಈ ಕಾಯ್ದೆಯಲ್ಲಿ ಹಕ್ಕಿನ ಅರ್ಜಿಯನ್ನು ಮೊದಲು ನೋಡುವುದು ಗ್ರಾಮಸಭೆ. ಅದಾದ ಮೇಲೆಯೇ ಹುಣಸೂರಿನ ಉಪವಿಭಾಗ ಸಮಿತಿ, ಆಮೇಲೆ ಜಿಲ್ಲಾ ಸಮಿತಿ. ಗ್ರಾಮಸಭೆ ಆರಿಸುವ ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೇ ಒಂದರಷ್ಟು ಹೆಂಗಸರು ಇರಲೇಬೇಕು. ಪಹಣಿ, ಪಟ್ಟಾ ಇಲ್ಲದಿದ್ದರೂ ಹಳೆಯ ಮನೆಯ ಗುರುತು, ಬಾವಿ, ಸಮಾಧಿ, ದೇವರ ಜಾಗ ಎಲ್ಲವೂ ಸಾಕ್ಷ್ಯ. ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ.

ಅಂಥ ಒಂದು ಸಭೆಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹಾಡಿಯ ಮುಂದಿನ ಮರದ ಕೆಳಗೆ ನೆಲದ ಮೇಲೆ ದೊಡ್ಡ ಹಾಳೆ ಹಾಸಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಕಲ್ಲು ಇಟ್ಟಿದ್ದರು. ಪಿಯುಸಿ ಓದುವ ಹುಡುಗಿಯೊಬ್ಬಳು ಸ್ಕೆಚ್ ಪೆನ್ನಿನಲ್ಲಿ ಹೊಳೆ ಎಳೆಯುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ಅಜ್ಜಿ, ‘ಅಲ್ಲಲ್ಲ ಮಗಾ, ಹೊಳೆ ಅಲ್ಲಿ ತಿರುಗಲ್ಲ. ಮತ್ತಿ ಮರ ದಾಟಿ ತಿರುಗ್ತದೆ. ನಿಮ್ಮ ತಾತನ್ನ ಮಣ್ಣು ಮಾಡಿದ್ದು ಅದರಾಚೆ’ ಎಂದರು. ಹುಡುಗಿ ಆ ಗೆರೆ ಹೊಡೆದುಹಾಕಿ ಮತ್ತೆ ಎಳೆದಳು. ಆ ಮರ ಈಗ ಇದೆಯೋ ಇಲ್ಲವೋ ಎಂದು ಇಬ್ಬರು ಗಂಡಸರು ವಾದಕ್ಕೆ ಬಿದ್ದರು. ಅಜ್ಜಿ ಆ ವಾದಕ್ಕೆ ಕಿವಿಗೊಡದೆ ಮುಂದಿನ ಜಾಗ ಹೇಳಿದರು. ಮೂರು ತಾಸಿನ ಸಭೆಯಲ್ಲಿ ಒಂದೇ ಒಂದು ಘೋಷಣೆ ಇರಲಿಲ್ಲ. ಕೊನೆಗೆ ನಡಾವಳಿ ಪುಸ್ತಕ ಎಲ್ಲರ ಮುಂದೆ ಹಾದುಹೋಯಿತು. ಸಹಿ ಬರುವವರು ಸಹಿ ಹಾಕಿದರು, ಬಾರದವರು ಹೆಬ್ಬೆಟ್ಟು ಒತ್ತಿದರು. ಅಜ್ಜಿ ಶಾಯಿಯ ಬೆರಳನ್ನು ಸೆರಗಿಗೆ ಒರೆಸಿಕೊಳ್ಳದೆ ಹಾಗೇ ಹಿಡಿದುಕೊಂಡು ಎದ್ದರು.

ಸಮಾಜ ಬದಲಾಗುವುದು ಇಂಥ ಕಡೆ ಎಂದು ನಾನು ನಂಬಿದ್ದೇನೆ. ಘೋಷಣೆ ಬೇಡವೆಂದಲ್ಲ. ರಸ್ತೆಗೆ ಇಳಿಯದೆ ಕಿವಿಗೊಡದ ಸರ್ಕಾರಗಳನ್ನು ನಾವು ನೋಡಿದ್ದೇವೆ. ಆದರೆ ಘೋಷಣೆ ಒಂದು ದಿನದ್ದು, ನಡಾವಳಿ ಪುಸ್ತಕ ವರ್ಷಗಟ್ಟಲೆಯದ್ದು. ಇದೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು 1974ರಲ್ಲಿ ಭೂಸುಧಾರಣೆ ಜಾರಿಗೆ ತಂದಾಗಲೂ ಭೂಮಿ ತಾನಾಗಿ ಗೇಣಿದಾರರ ಕೈಗೆ ಬರಲಿಲ್ಲ. ಫಾರಂ ನಂಬರ್ 7 ತುಂಬಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು, ಧಣಿಯ ಎದುರಿಗೇ ‘ಈ ಹೊಲ ಉಳುತ್ತಿರುವವನು ನಾನು’ ಎಂದು ಹೇಳಬೇಕಿತ್ತು. ಪಕ್ಕದಲ್ಲಿ ನಿಲ್ಲುವವರು ಇದ್ದವನು ಹೇಳಿದ. ಒಂಟಿಯಾಗಿದ್ದವನು ಹೆದರಿ ಸುಮ್ಮನಾದ. ಕಾನೂನು ಇಬ್ಬರಿಗೂ ಒಂದೇ ಇತ್ತು.

ಹಾಡಿಗಳ ಹೋರಾಟವೂ ಪೂರ್ತಿ ಗೆದ್ದಿಲ್ಲ. ಅರ್ಜಿಗಳು ತಿರಸ್ಕೃತವಾಗುತ್ತವೆ, ಕಾರಣ ತಿಳಿಸುವ ಹಿಂಬರಹ ಕೂಡ ಬರುವುದಿಲ್ಲ. ಸಂಘಗಳು ಒಡೆದದ್ದಿದೆ. ಕಾಡು ಬಿಟ್ಟು ಹೊರಗೆ ಬರಲು ಒಪ್ಪಿ ನಾಗಾಪುರ, ಶೆಟ್ಟಹಳ್ಳಿ–ಲಕ್ಕಪಟ್ಟಣದ ಪುನರ್ವಸತಿ ಕೇಂದ್ರಗಳಲ್ಲಿ ನೆಲೆ ನಿಂತವರೂ ಇದ್ದಾರೆ, ಅವರ ಆಯ್ಕೆಯನ್ನು ಹಳಿಯುವ ಹಕ್ಕು ಯಾರಿಗೂ ಇಲ್ಲ. ಹುಲಿಗೆ ಜನವಿಲ್ಲದ ಕಾಡು ಬೇಕು ಎನ್ನುವ ಸಂರಕ್ಷಣಾವಾದಿಗಳ ಆತಂಕವನ್ನು ನಾನು ಲಘುವಾಗಿ ಕಾಣುವುದಿಲ್ಲ. ಆದರೆ ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದಲ್ಲಿ 2011ರಲ್ಲಿ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಅಲ್ಲಿಂದ ಹುಲಿ ಓಡಿಹೋಗಲಿಲ್ಲ. ಅಲ್ಲಿ ಆದದ್ದು ನಾಗರಹೊಳೆಯಲ್ಲಿ ಯಾಕೆ ಆಗಬಾರದು ಎಂಬ ಪ್ರಶ್ನೆಗೆ ಇನ್ನೂ ನೇರ ಉತ್ತರ ಬಂದಿಲ್ಲ. 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರುಕೊಲ್ಲಿಗೆ 52 ಜೇನುಕುರುಬ ಕುಟುಂಬಗಳು ತಾವಾಗಿಯೇ ಮರಳಿ ಗುಡಿಸಲು ಹಾಕಿದ್ದು ಆ ಉತ್ತರಕ್ಕೆ ಕಾದು ಸಾಕಾಗಿಯೇ.

ನಮ್ಮ ಕಡೆಗೆ ಬರೋಣ. ಒಟ್ಟಾಗಿ ಬಾಳುವುದು ನಮಗೆ ಗೊತ್ತಿಲ್ಲವೆಂದಲ್ಲ. ಬೆಳಿಗ್ಗೆ ಆರಕ್ಕೆ ಯಾವ ಊರಿನ ಡೇರಿ ಮುಂದೆ ನಿಂತರೂ ಕಾಣುತ್ತದೆ: ಒಬ್ಬರ ಮನೆಯ ನೀರು ಇನ್ನೊಬ್ಬರು ಮುಟ್ಟದಿದ್ದ ಊರಿನಲ್ಲಿ ಎಲ್ಲ ಕೇರಿಯ ಹಾಲೂ ಒಂದೇ ಕ್ಯಾನಿಗೆ ಬೀಳುತ್ತದೆ. ಫ್ಯಾಟ್ ಎಷ್ಟೋ ದುಡ್ಡು ಅಷ್ಟು. ಸಂಘಕ್ಕೆ ಷೇರುದಾರರಿದ್ದಾರೆ, ಲೆಕ್ಕಪುಸ್ತಕ ಇದೆ, ವಾರ್ಷಿಕ ಸಭೆಯಿದೆ. ಹಾಲಿಗೆ ಇದು ಸಾಧ್ಯವಾದರೆ ಸೊಪ್ಪಿಗೆ ಯಾಕಾಗದು?

ನಮ್ಮ ಅಡಚಣೆ ನಮ್ಮ ಪಟ್ಟಿಯಲ್ಲೇ ಇದೆ. ತಂಬಾಕು ರೈತ ಎಂದರೆ ತಂಬಾಕು ಮಂಡಳಿಯ ಪರವಾನಗಿ ಕಾರ್ಡ್ ಇರುವವನು ಎಂದು ನಾವೇ ಒಪ್ಪಿಕೊಂಡಿದ್ದೇವೆ. ಕಾರ್ಡಿಲ್ಲದೆ ಬೆಳೆಯುವವರು, ಗುತ್ತಿಗೆಗೆ ಹೊಲ ಮಾಡುವವರು, ಸೊಪ್ಪು ಮುರಿದು ಕಡ್ಡಿಗೆ ಕಟ್ಟುವ ಹೆಂಗಸರು, ಹಾಡಿಯಿಂದ ಬರುವ ಕೂಲಿಯವರು ಯಾರೂ ನಮ್ಮ ಸಭೆಯಲ್ಲಿ ಇರುವುದಿಲ್ಲ. ಒಂದು ಕೆಜಿ ಹದವಾದ ಸೊಪ್ಪಿಗೆ ಸೌದೆ, ಗೊಬ್ಬರ, ಕೂಲಿ ಸೇರಿ ಎಷ್ಟು ಬಿತ್ತು ಎಂದು ಊರೂರಿನಲ್ಲಿ ನಾವೇ ಬರೆದಿಟ್ಟ ಲೆಕ್ಕ ಇಲ್ಲ. ಅಧಿಕಾರಿ ಬಂದು ಕೇಳಿದಾಗ ಒಬ್ಬೊಬ್ಬರು ಒಂದೊಂದು ಅಂಕಿ ಹೇಳುತ್ತೇವೆ. ತಂಬಾಕು ಬಿಟ್ಟು ಮುಂದೇನು ಎಂಬ ದೊಡ್ಡ ಪ್ರಶ್ನೆ ಎದುರಾದಾಗಲೂ ಇದೇ ಗತಿ. ಪರ್ಯಾಯ ಬೆಳೆಗೆ ಏನು ಬೇಕು, ಬ್ಯಾರನ್ ಸಾಲ ಏನಾಗಬೇಕು ಎಂದು ಒಂದೇ ದನಿಯಲ್ಲಿ ಹೇಳಬಲ್ಲ ಸಂಘ ಇಲ್ಲದಿದ್ದರೆ ನಮ್ಮ ಪರವಾಗಿ ಬೇರೆಯವರು ತೀರ್ಮಾನಿಸುತ್ತಾರೆ.

ಆದ್ದರಿಂದ ಕಂಪಲಾಪುರ ಸುತ್ತಲಿನ ಊರುಗಳ ರೈತರಲ್ಲಿ ನನ್ನದೊಂದು ಕೋರಿಕೆ. ಈ ಸಲ ಹರಾಜು ಶುರುವಾಗುವವರೆಗೆ ಕಾಯಬೇಡಿ. ಸಸಿಮಡಿ ಹಾಕುವ ದಿನಗಳಲ್ಲೇ ಪ್ರತಿ ಊರಲ್ಲೂ ಒಂದು ಸಭೆ ಕರೆಯಿರಿ. ಕಾರ್ಡ್ ಇರುವವರ ಜತೆ ಇಲ್ಲದವರನ್ನೂ ಕರೆಯಿರಿ, ಕಡ್ಡಿ ಕಟ್ಟುವ ಹೆಂಗಸರನ್ನು ಮುಂದೆ ಕೂರಿಸಿ. ಒಂದು ನೋಟ್‌ಬುಕ್ ತಂದು ಮೊದಲ ಪುಟದಲ್ಲಿ ಬಂದವರೆಲ್ಲರ ಹೆಸರು ಬರೆಯಿರಿ.