ಅವ್ವನ ನೀರಿನ ಲೆಕ್ಕ

ಬಾಡಿಗೆ ಮನೆ, ಸಿಟಿ ಬಸ್ಸು, ಮಕ್ಕಳಿಗೆ ಕನ್ನಡ ಕಲಿಸುವ ಪಾಡು, ಇಂಥವನ್ನೇ ಈ ಅಂಕಣದಲ್ಲಿ ಬರೆಯುತ್ತ ಬಂದಿದ್ದೇವೆ. ಹಿಂದಿನ ಎರಡು ಸಂಚಿಕೆಗಳಲ್ಲಿ ನಮ್ಮ ಬರಹ ಏಕಿಲ್ಲವೆಂದು ಕೆಲವು ವಾಚಕರು ವಿಚಾರಿಸಿದರು. ನಮ್ಮ ತಾಯಿಯವರು ತೀರಿಕೊಂಡರು, ಕಾರಣ ಇಷ್ಟೆ. ‘ಏನಾದರೂ ಬರೆಯಿರಿ, ಓದುವವರನ್ನು ಅಳಿಸಬೇಡಿ’ ಎಂದು ಸಂಪಾದಕರ ಅಪ್ಪಣೆಯಾಗಿದೆ. ಅವ್ವನ ಸಂಗತಿಯನ್ನೇ ಬರೆದರೆ ಆ ಷರತ್ತು ತಾನಾಗಿಯೇ ಪಾಲನೆಯಾದೀತು.

ಅವ್ವ ಕಲಬುರಗಿಯ ಕಡೆಯವಳು. ನಮಗೆ ಇಲ್ಲಿ ನೌಕರಿಯಾದ ಮೇಲೆ ಕಾಚಿಗುಡದ ಎರಡು ಕೋಣೆಯ ಮನೆಗೆ ಬಂದಳು. ಊರು ಬಿಟ್ಟೆನೆಂಬ ಚಿಂತೆ ಅವಳಿಗಿರಲಿಲ್ಲ. 1956ರ ನವೆಂಬರ್ 1ರವರೆಗೆ ಕಲಬುರಗಿ ಹೈದರಾಬಾದು ರಾಜ್ಯದೊಳಗೇ ಇತ್ತಷ್ಟೆ. ‘ನಮ್ಮಪ್ಪನ ಕಾಲಕ್ಕ ಇದೇ ನಮ್ಮ ರಾಜಧಾನಿ. ನಾ ಪರದೇಶಕ್ಕ ಬಂದಿಲ್ಲ, ಹಳೀ ಬಾಕಿ ವಸೂಲಿಗೆ ಬಂದೀನಿ’ ಎಂದು ನೆರೆಯವರಿಗೆ ಹೇಳುತ್ತಿದ್ದಳು.

2018ರಲ್ಲಿ ಅವಳ ಮೂತ್ರಪಿಂಡಗಳು ಕೈಕೊಟ್ಟವು. ಬಹುಕಾಲದ ಸಕ್ಕರೆ ಕಾಯಿಲೆಯ ಫಲ. ಅಲ್ಲಿಂದ ಆರು ವರ್ಷ ಡಯಾಲಿಸಿಸ್: ವಾರಕ್ಕೆ ಮೂರು ದಿನ, ಪ್ರತಿ ಸಲ ನಾಲ್ಕು ಗಂಟೆ. ಮೈಯ ರಕ್ತ ಯಂತ್ರಕ್ಕೆ ಹೋಗಿ ಶುದ್ಧವಾಗಿ ತಿರುಗಿ ಬರಬೇಕು. ‘ನಮ್ಮೂರ ಅಗಸ ಇಡೀ ಓಣಿ ಅರಿವಿ ಒಗಿಯೂದಕ್ಕ ಇಷ್ಟು ಹೊತ್ತು ತೊಗೋತಿದ್ದಿಲ್ಲ’ ಎಂಬುದು ಮೊದಲ ದಿನದ ಅವಳ ವರದಿ. ಇದಕ್ಕಾಗಿ ಎಡಗೈಯಲ್ಲಿ ಒಂದು ಶುದ್ಧರಕ್ತನಾಳವನ್ನೂ ಒಂದು ಅಭಿಧಮನಿಯನ್ನೂ ಕೂಡಿಸಿ ಹೊಲಿಯುತ್ತಾರೆ. ಫಿಸ್ಟುಲಾ ಎನ್ನುತ್ತಾರೆ, ಈ ಉಪಾಯ ಬೆಳಕಿಗೆ ಬಂದುದು 1966ರಲ್ಲಿ. ಅಲ್ಲಿ ಕಿವಿಯಿಟ್ಟರೆ ರಕ್ತ ಗುಂಯ್‌ಗುಡುವುದು ಕೇಳಿಸುತ್ತದೆ. ಅವ್ವ ಮೊಮ್ಮಗಳನ್ನು ಕರೆದು ಕಿವಿ ಇಡಿಸಿ, ‘ಸ್ಟೇಷನ್ನಿಗೆ ಗಾಡಿ ಬಂತು, ಕೇಳಿಸ್ತೇನು?’ ಎನ್ನುವಳು. ಮಗು ಅಜ್ಜಿಯ ಆ ಕೈಯನ್ನು ಕಂಡು ಒಂದು ದಿನವೂ ಹೆದರಲಿಲ್ಲ.

ಈ ಯಂತ್ರದ ಚರಿತ್ರೆಯನ್ನು ನಾವು ಓದಿ ಅವಳಿಗೆ ಹೇಳಿದ್ದೂ ಉಂಟು. 1943ರಲ್ಲಿ, ಮಹಾಯುದ್ಧದ ನಡುವೆ, ಹಾಲೆಂಡಿನ ಕೋಲ್ಫ್ ಎಂಬ ವೈದ್ಯ ಕೃತಕ ಮೂತ್ರಪಿಂಡ ಕಟ್ಟಿದ. ಅದಕ್ಕೆ ಬಳಸಿದ್ದು ಮಾಂಸದ ಸಾಸೇಜು ತುಂಬುವ ಸೆಲ್ಲೋಫೇನ್ ಕೊಳವೆ. ಅವ್ವ ಗಲ್ಲಕ್ಕೆ ಕೈ ಹಚ್ಚಿದಳು: ‘ಇಷ್ಟು ದಿನ ನಾ ಕಾಯ್ದ ಮಡಿ ಎಲ್ಲಾ ಹೋತು ನೋಡು!’

2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿತು. ಡಯಾಲಿಸಿಸ್‌ಗೆ ಮಾತ್ರ ರಜೆಯಿಲ್ಲ. ಚಾದರಘಾಟಿನ ಸೇತುವೆಯ ಬಳಿ ಪೊಲೀಸಿನವರೊಬ್ಬರು ಆಟೋ ತಡೆದರು. ನಾವು ಕಾಗದ ಹುಡುಕುವಷ್ಟರಲ್ಲಿ ಅವ್ವ ತನ್ನ ಕಲಬುರಗಿಯ ದಖನಿಯಲ್ಲಿ, ‘ಖೂನ್ ಧುಲಾನೇ ಜಾರೈಂ ಬೇಟಾ, ತುಮ್ ಭೀ ಆತೇ?’ ಎಂದಳು. ರಕ್ತ ತೊಳೆಸಿಕೊಳ್ಳಲು ನೀನೂ ಬರುತ್ತೀಯಾ ಎಂದರೆ ಯಾರು ಬಂದಾರು? ಆ ಮನುಷ್ಯ ಸಲಾಮು ಹೊಡೆದು ಬಿಟ್ಟ.

ನಗುವೇ ಔಷಧಿ ಎಂದು ಹೇಳುವವರಿದ್ದಾರೆ. ನಮಗೆ ಆ ನಂಬಿಕೆ ಇಲ್ಲ. ಅವ್ವ ನಕ್ಕದ್ದರಿಂದ ರೋಗ ಒಂದು ಅಂಗುಲವೂ ಹಿಂದೆ ಸರಿಯಲಿಲ್ಲ. ಬೆಂಗಳೂರಿನ ನೆಂಟರೊಬ್ಬರು ‘ಕೊರವಂಜಿ’ಯ ಹಳೆಯ ಸಂಚಿಕೆಗಳ ಕಟ್ಟೊಂದನ್ನು ತಂದುಕೊಟ್ಟಿದ್ದರು. 1942ರಿಂದ 1967ರವರೆಗೆ ಅದನ್ನು ನಡೆಸಿದ ರಾಶಿಯವರು, ಎಂದರೆ ಡಾಕ್ಟರ್ ಎಂ. ಶಿವರಾಂ, ಸ್ವತಃ ವೈದ್ಯರು. ಯಂತ್ರದ ಪಕ್ಕದಲ್ಲಿ ಮಲಗಿ ಅವ್ವ ಅದನ್ನೇ ಓದುವಳು, ಟಿ. ಸುನಂದಮ್ಮನವರ ಲೇಖನಗಳೆಂದರೆ ಎರಡೆರಡು ಸಲ. ‘ಡಾಕ್ಟರೇ ನಗಿಸಾಕ ನಿಂತರ ಔಷಧಿ ಯಾರು ಕೊಡಬೇಕು?’ ಎಂದು ಕೇಳಿದಳು. ನಮಗೂ ಅದೇ ಪ್ರಶ್ನೆ. ಯಂತ್ರದಿಂದ ಬಂದ ಮಧ್ಯಾಹ್ನಗಳಲ್ಲಿ ಅವಳ ಮೈ ಹಿಂಡಿದ ಬಟ್ಟೆಯಂತಿರುತ್ತಿತ್ತು. ಗೋಡೆಯ ಕಡೆ ಮುಖ ಮಾಡಿ ಮಲಗುವಳು. ಆಗ ತಮಾಷೆಯೂ ಇಲ್ಲ, ಮಾತೂ ಇಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಎದ್ದು, ಮನೆಯಲ್ಲಿ ಯಾರ ಮುಖ ಸಣ್ಣಗಾಗಿದೆಯೆಂದು ನೋಡಿ, ಅವರನ್ನೇ ಹಿಡಿದು ನಗಿಸುವಳು. ಬೇರೆ ಮನೆಗೆಲಸವೆಲ್ಲ ಕೈತಪ್ಪಿದ ಮೇಲೆ ಅದೊಂದನ್ನು ಅವಳು ಯಾರಿಗೂ ಬಿಟ್ಟುಕೊಡಲಿಲ್ಲ.

1994ರ ಕಾಯಿದೆಯ ಪ್ರಕಾರ ಮಗ ತಾಯಿಗೆ ಮೂತ್ರಪಿಂಡ ಕೊಡಬಹುದು. ಎರಡನೆಯ ವರ್ಷ ನಾವು ಆ ಮಾತು ತೆಗೆದೆವು. ರಕ್ತದ ಗುಂಪು ಹೊಂದುತ್ತಿತ್ತು. ಮುಂದಿನ ಪರೀಕ್ಷೆಗೆ ದಿನ ಗೊತ್ತು ಮಾಡುವುದಷ್ಟೆ ಉಳಿದಿತ್ತು. ಅವ್ವ ಕೇಳಿ, ‘ಸರ್ಕಾರಿ ನೌಕರನ ಕಿಡ್ನಿ ನನಗ ಬ್ಯಾಡಪಾ. ಹನ್ನೊಂದಕ್ಕ ಬರ್ತದ, ಐದಕ್ಕ ಎದ್ದು ಹೋಗ್ತದ. ನಡುವ ಚಹಾಕ್ಕ ಬ್ಯಾರೆ ಹೋಗ್ತದ’ ಎಂದಳು. ಮನೆಮಂದಿಯೆಲ್ಲ ನಕ್ಕೆವು. ಮರುವಾರ ಮತ್ತೆ ಕೇಳಿದಾಗ ಮತ್ತೊಂದು ನಗೆ. ಮೂರನೆಯ ಸಲವೂ ಹಾಗೆಯೇ. ಪರೀಕ್ಷೆಯ ದಿನ ಬಂದರೂ ಅವಳು ಹೊರಡಲಿಲ್ಲ. ಆಡಳಿತ ಭಾಷೆಯಲ್ಲಿ ಹೇಳುವುದಾದರೆ ಅರ್ಜಿ ತಿರಸ್ಕೃತವಾಗಿತ್ತು, ಕಾರಣ ನಮೂದಿಸಿರಲಿಲ್ಲ. ಕಾರಣವನ್ನು ಅಂದೇ ರಾತ್ರಿ ಅಡಿಗೆಮನೆಯಲ್ಲಿ ಸೊಸೆಗೆ ಹೇಳಿದ್ದಳಂತೆ: ‘ನಾ ಒಮ್ಮೆ ಕೊಟ್ಟದ್ದು ಅದು. ತಿರುಗಿ ಇಸಗೊಳ್ಳಾಕ ಹೆಂಗ ಬರ್ತದ ಯವ್ವಾ?’ ಇದು ನಮಗೆ ತಿಳಿದದ್ದು ಅವಳು ಹೋದ ಹನ್ನೊಂದನೆಯ ದಿನ.

ದಿನಕ್ಕೆ ಒಂದು ಲೀಟರು ನೀರು, ಅಷ್ಟರೊಳಗೇ ಚಹಾ, ಮಜ್ಜಿಗೆ, ಸಾರು ಎಲ್ಲ ಅಡಕ ಎಂದು ವೈದ್ಯರು ಅವಳಿಗೆ ಕಟ್ಟು ಹಾಕಿದ್ದರು. ಎಳನೀರಂತೂ ಪೊಟ್ಯಾಸಿಯಮ್ಮಿನ ದೆಸೆಯಿಂದ ವರ್ಜ್ಯ. ಬೇಸಗೆಯಲ್ಲಿ ಇದೆಂಥ ಶಿಕ್ಷೆಯೆಂದು ಈ ಊರಿನವರಿಗೆ ಹೇಳಬೇಕಾಗಿಲ್ಲ. ನೀರಿನ ಲೆಕ್ಕಕ್ಕೆಂದು ಅವ್ವ ಒಂದು ವಹಿ ಇಟ್ಟಳು. ಮೇ ತಿಂಗಳ ಒಂದು ಪುಟದಲ್ಲಿ ಹೀಗಿದೆ: ‘ಚಹಾ ಅರ್ಧ ಕಪ್ಪು. ಮಜ್ಜಿಗಿ ಒಂದು ವಾಟಿ. ಸೊಸಿ ನೋಡದಾಗ ಎರಡು ಗುಟುಕು, ಇದು ಲೆಕ್ಕಕ್ಕ ಇಲ್ಲ. ನೆರಿಮನಿಯಾಕಿ ಎಳನೀರು ಕುಡಿಯೂದು ನೋಡಿದೆ, ಇದನ್ನ ಹೆಂಗ ಬರೀಬೇಕು?’ ಆಡಿಟ್ ಕಣ್ಣಿನಿಂದ ನಾವು ಪರಿಶೀಲಿಸಿದ್ದೇವೆ. ಆರು ವರ್ಷದಲ್ಲಿ ಕೂಡಿಸುವ ತಪ್ಪು ಒಂದೂ ಇಲ್ಲ.

ವಹಿ ಈಗ ಬೀರುವಿನಲ್ಲಿ ರೇಷನ್ ಕಾರ್ಡಿನ ಜೊತೆಗಿದೆ. ಕೊನೆಯ ಪುಟದ ಅಕ್ಷರ ಸೊಸೆಯದು. ಅವ್ವ ಹೇಳಿ ಬರೆಸಿದ್ದು. ‘ನೀರು ನಾಲ್ಕು ಚಮಚ. ಐಸು ಒಂದು ತುಂಡು. ಉಳಿದದ್ದು ನಾಳಿನ ಲೆಕ್ಕಕ್ಕ ಜಮಾ.’